ಒಂದ ಎಳಿಗೆ ಎರಡ ಪರೀಕ್ಷಾ

ನನ್ನ ಗಂಡ ಪ್ರಭುಲಿಂಗ ತೀರಿಕೊಂಡು ವರ್ಷ ಆಗಾಕ ಬಂತು. ಜಮಖಂಡ್ಯಾಗ ಕಾಲೇಜಿನ ಹುಡುಗರಿಗೆ ಫಿಜಿಕ್ಸ್ ಕಲಸ್ತಿದ್ರು. ವರ್ಷದ ದಿನಕ್ಕ ಅವರ ಹೆಸರಿಲೆ ಒಂದ ಪುಸ್ತಕ ತರತಾರಂತ. ಅವರ ಜೋಡಿ ಕೆಲಸ ಮಾಡ್ತಿದ್ದ ಚಿದಾನಂದ ಸರ್ ಬನಹಟ್ಟಿ ತನಕ ಬಂದು, "ನೀವೂ ನಾಕ ಮಾತ ಬರೀರಿ ಅಕ್ಕಾರ" ಅಂದ್ರು.

"ನಾ ಕಲ್ತದ್ದ ಏಳನೇತ್ತಾ."

"ಹೆಂಗ ಮಾತಾಡ್ತೀರೋ ಹಂಗ ಬರೀರಿ. ತಪ್ಪಿದ್ರ ನಾ ತಿದ್ದತೇನಿ."

"ತಿದ್ದೂದಾದ್ರ ಬರಿಯೂದಿಲ್ಲ."

"ಆತ್ರಿ, ತಿದ್ದೂದಿಲ್ಲ."

ಚಪ್ಪಲಿ ಮೆಟ್ಟಿಕೊಂಡ ಮ್ಯಾಲ ತಿರಗಿ ನಿಂತು ಇನ್ನೊಂದ ಮಾತ ಅಂದ್ರು. "ಜಡ್ಡ ಆದದ್ದನ್ನ ನಿಮಗ ಹೇಳದ ಒಬ್ಬರ ನುಂಗಿಕೊಂಡ್ರಲ್ಲ, ಅದನ್ನ ಬರೀರಿ. ಅಂಥಾ ತ್ಯಾಗ ಈಗ ಯಾರ ಮಾಡ್ತಾರ."

ಅದನ್ನ ಬರ್ಯಾಕತ್ತೇನಿ. ತ್ಯಾಗ ಅಂತ ಬರಿಯೂದಿಲ್ಲ.

ಅವರು ಹುಟ್ಟಿದ್ದು ನೇಕಾರರ ಮನ್ಯಾಗ, ಇದ ಬನಹಟ್ಟ್ಯಾಗ. ನಮ್ಮ ಮಾವ ಕುಣಿ ಮಗ್ಗದಾಗ ಕುಂತ ನೇದವರು. ಆಮ್ಯಾಲ ಪಾವರಲೂಮ ಬಂದ್ವು. ಸಣ್ಣಾವ ದಶರಥ ಮಗ್ಗ ಹಿಡದ, ದೊಡ್ಡಾವ ಇವರು ಪುಸ್ತಕ ಹಿಡದ್ರು. ಸಾಲಿ ಓದೂ ಮುಂದ ಒಂದ ಕೈಲೆ ರಾಟಿ ತಿರುವಿ ಕಂಡಿಕಿ ಸುತ್ತತಿದ್ರಂತ, ಇನ್ನೊಂದ ಕೈಯಾಗ ಪುಸ್ತಕ. ಕಂಡಿಕಿ ಅಂದ್ರ ಲಾಳಿಯೊಳಗ ಕುಂಡ್ರಸೂ ನೂಲಿನ ಸುರುಳಿ. ಅವರು ಸುತ್ತಿದ ಕಂಡಿಕಿ ಹೊಟ್ಟಿ ದಪ್ಪ, ಎರಡೂ ತುದಿ ಸಡಲ. ಹತ್ತ ಹೊಡತ ಹೊಡಿಯೂದ್ರಾಗ ಗಂಟ ಬೀಳತಿತ್ತು. "ಇವನ್ನ ಸಾಲಿಗೆ ಕಳಸಿದ್ದ ಮಗ್ಗದ ಪುಣ್ಯಾ" ಅಂತ ನಮ್ಮತ್ತಿ ನಗತಿದ್ರು.

ನಾ ರಬಕವಿಯಾಕಿ. ನಮ್ಮಪ್ಪನ ಮನ್ಯಾಗೂ ಮಗ್ಗ, ಗಂಡನ ಮನ್ಯಾಗೂ ಮಗ್ಗ. ಮುಂದಿನ ಪಡಸಾಲ್ಯಾಗ ದಶರಥನ ಮಗ್ಗ ಬಡಿತಾವ, ಹಿಂದಿನ ಕೋಲ್ಯಾಗ ಇವರ ಟೇಬಲ್. ಸಪ್ಪಳಕ್ಕ ಇವರು ಎಂದೂ ಬ್ಯಾಸರ ಮಾಡಿಕೊಂಡಿಲ್ಲ. ಕರೆಂಟ ಹೋಗಿ ಮಗ್ಗ ನಿಂತ್ರ, "ಏನಾತು?" ಅಂತ ಎದ್ದ ಬರತಿದ್ರು.

ನಲವತ್ತ ದಾಟಿದ ಮ್ಯಾಲ ಪಿಎಚ್‌ಡಿ ಮಾಡತೇನಿ ಅಂತ ಕುಂತ್ರು. ಮುಂಜಾನೆ ಬಸ್ಸಿಗೆ ಜಮಖಂಡಿ, ಸಂಜಿಗೆ ಮನಿ, ಉಂಡ ಟೇಬಲ್. ಏನ ಬರೀತೀರಿ ಅಂತ ನಾ ಒಂದಿನ ಕೇಳಿದೆ. ನಾ ನೂಲ ಸುತ್ತಾಕತ್ತಿದ್ದೆ. ಅವರು ನೂಲಿನ ಲಡಿಯಿಂದ ಒಂದ ಎಳಿ ಹಿರಕೊಂಡ್ರು.

"ಬಣ್ಣದ ನೂಲ ತಂದಾಗ ನೀ ಏನೇನ ನೋಡತಿ?"

"ಸೋಡಾ ನೀರಾಗ ಕುದಿಸಿ ಬಣ್ಣ ಬಿಡತೈತೇನು ನೋಡತೇನಿ. ಜಗ್ಗಿ ಎಷ್ಟ ತಡಿತೈತಿ ನೋಡತೇನಿ."

"ಇದ ಒಂದ ಎಳಿ ಐತಿ. ಕುದಿಸಿದಿ ಅಂದ್ರ ಅದರ ಮೊದಲಿನ ಗಟ್ಟಿತನ ಎಷ್ಟಿತ್ತು ಅಂತ ಜಗ್ಗಿ ಹೇಳಾಕ ಬರತೈತೇನು?"

"ಇಲ್ಲ. ಕುದಿಸಿದ್ದ ಮೆತ್ತಗಾಗಿರತೈತಿ. ಆದ್ರ ಮೊದಲ ಜಗ್ಗಿ ಹರದು, ಆಮ್ಯಾಲ ಕುದಿಸಿದ್ರ ಎರಡೂ ತಿಳಿತಾವಲ್ಲ."

ನಕ್ಕಬಿಟ್ರು. "ಸಿಗಿಬಿದ್ದೆ ನೋಡು. ದಾರದ ಉದಾಹರಣಿ ಅಲ್ಲೇ ತಪ್ಪತೈತಿ. ಬೆಳಕಿನ ಕಣ ಇರತಾವಲ್ಲ, ಅವಕ್ಕ ಇಂಥಾ ಎರಡ ಪ್ರಶ್ನೆ ಅದಾವ. ಮೊದಲ ಯಾವದ ಕೇಳಿದ್ರೂ ಇನ್ನೊಂದರ ಉತ್ತರ ಕೆಡತೈತಿ. ಎರಡ ತುಂಡ ಮಾಡಿ ಒಂದೊಂದಕ್ಕ ಒಂದೊಂದ ಕೇಳತೇನಿ ಅಂದ್ರ ತುಂಡ ಆಗೂದಿಲ್ಲ. ಅದರಂಗ ಇನ್ನೊಂದ ಮಾಡಿಕೊಳ್ಳತೇನಿ ಅಂದ್ರ ಅದೂ ಬರೂದಿಲ್ಲ."

"ಹಂಗಾರ ಅದೊಂದ ಕೊರತಿ ಆತು."

"ಮೊದಲ ಎಲ್ಲಾರೂ ಹಂಗ ತಿಳಕೊಂಡಿದ್ರು. ಕೊರತಿ ಅಲ್ಲ, ಬಂಡವಾಳ ಅದು." ಆ ಮಾತ ಹೇಳೂ ಮುಂದ ಅವರ ಮುಖ ಹುಡುಗನಂಗ ಆಗತಿತ್ತು. "ನಾ ನಿನಗ ಬೆಳಕಿನ್ಯಾಗ ಒಂದ ಗುಟ್ಟ ಕಳಸಿದೆ ಅನ್ನು. ನಡುವ ಒಬ್ಬ ಕಳ್ಳ ಕುಂತಾನ. ಯಾವ ಕಣಕ್ಕ ಯಾವ ಪ್ರಶ್ನೆ ಕೇಳಬೇಕು ಅಂತ ಅವಗ ಗೊತ್ತಿಲ್ಲ. ತಪ್ಪ ಪ್ರಶ್ನೆ ಕೇಳಿದ ಅಂದ್ರ ಕೆಡಸತಾನ. ಕೆಟ್ಟದ್ದು ನಮಗ ಕಾಣತೈತಿ, ಕಳ್ಳ ಸಿಗತಾನ. ಎರಡೂ ಪ್ರಶ್ನೆ ಒಮ್ಮೆಲೆ ಕೇಳೂ ಯಂತ್ರ ಇತ್ತಂದ್ರ ಆವ ಎಲ್ಲಾ ನೋಡಿ, ಇದ್ದಂಗ ಇಟ್ಟ ಹೋಗತಿದ್ದ. ಎರಡೂ ಕೂಡೂದಿಲ್ಲ ಅನ್ನೂದ ನಮ್ಮ ಕಾವಲು."

"ಮತ್ತ ನೀವು ಏನ ಹೊಸಾದ ಮಾಡಾಕತ್ತೀರಿ ಅದರಾಗ?"

"ಖರೆ ಯಂತ್ರ ಯಾವದೂ ಸ್ವಚ್ಛ ಇರೂದಿಲ್ಲ, ಮಬ್ಬ ಇರತೈತಿ. ಮಬ್ಬಾಗಿ ಕೇಳಾಕ ಒಪ್ಪಿದ್ರ ಎರಡೂ ಒಮ್ಮೆ ಕೇಳಾಕ ಬರತೈತಿ. ಎರಡಕ್ಕೂ ಅರೆಬರೆ ಉತ್ತರ. ಆದ್ರ ಆವಾಗ ಬಂಡವಾಳ ಹೋತು. ಎಷ್ಟ ಮಬ್ಬ ಆಗೂ ತನಕ ಉಳಿತೈತಿ, ಉಳಿದದ್ದು ಯಾವ ಕೆಲಸಕ್ಕ ಬರತೈತಿ, ಅದನ್ನ ಅಳಿಯಾಕತ್ತೇನಿ. ಒಂದ ಎಳಿಯಷ್ಟ ಉಳಿದ್ರೂ ಎಲ್ಲೋ ಒಂದ ಕಡೆ ಉಪಯೋಗ ಐತಿ ಅಂತ ದೊಡ್ಡವರು ಮೊದಲ ತೋರಿಸ್ಯಾರ. ನಂದು ಅದರಾಗಿನ ಒಂದ ಮೂಲಿ."

ಇಷ್ಟ ನನಗ ತಿಳದದ್ದು. ಬಾಕಿ ಎಲ್ಲಾ ಇಂಗ್ಲೀಷಿನ್ಯಾಗ, ಲೆಕ್ಕದಾಗ ಐತಿ. ಆದ್ರ ನನಗ ಹೇಳತಿದ್ರು. ಸಣ್ಣದೊಂದ ಹೊಳದ್ರೂ ಅಡಗಿಮನಿಗೆ ಬಂದು ಹೇಳತಿದ್ರು, ನನಗ ತಿಳಿಲಿ ಬಿಡ್ಲಿ. ಈ ಮನುಷ್ಯ ನನ್ನ ಮುಂದ ಏನೂ ಮುಚ್ಚೂದಿಲ್ಲ ಅಂತ ನಾ ನಂಬಿದ್ದು ಅದರಿಂದ.

ನಮಗ ಒಬ್ಬಾಕಿ ಮಗಳು, ಸಂಧ್ಯಾ. ಮುಧೋಳಕ್ಕ ಕೊಟ್ಟೇವಿ. ಆಕಿ ಬಸರಾದಳು. ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕು, ಅದು ನಮ್ಮ ಕಡೆ ಪದ್ಧತಿ. ನಾ ಹಿಂದಿನ ಕೋಲಿ ಸಾರಿಸಿ, ಹೊರಸು ಬಿಗಿಸಿ, ಬಾಣಂತಿಗೆ ಅಂತ ಖಾರಾ ಕುಟ್ಟಿಸಿ ಇಟ್ಟಿದ್ದೆ. ಇವರು, "ಬ್ಯಾಡ, ನೀನ ಮುಧೋಳಕ್ಕ ಹೋಗು" ಅಂದ್ರು.

"ಯಾಕ?"

"ಇಲ್ಲಿ ಮಗ್ಗದ ಸಪ್ಪಳ. ಕೂಸಿಗೆ ಛಲೋ ಅಲ್ಲ."

"ನೀವು ಹುಟ್ಟಿದ್ದ ಯಾವ ಸಪ್ಪಳದಾಗ? ಸಂಧ್ಯಾ ಹುಟ್ಟಿದ್ದ ಯಾವ ಸಪ್ಪಳದಾಗ? ಮಗ್ಗ ನಿಂತ್ರ ಆಕಿ ತೊಟ್ಟಲದಾಗ ಎದ್ದ ಅಳತಿದ್ಳು."

"ಆವಾಗಿಂದ ಬ್ಯಾರೆ. ಡಾಕ್ಟರ ಹೇಳ್ಯಾರ."

"ಮಂದಿ ಏನ ಅಂದಾರು? ಮಗಳನ್ನ ಕರಕೊಳ್ಳಾಕ ಆಗಲಿಲ್ಲೇನು ಇವರಿಗೆ ಅಂತಾರ."

"ಮಂದಿಗೆ ನಾ ಹೇಳತೇನಿ. ನೀ ಹೋಗು ಶ್ರೀದೇವಿ."

ಇಷ್ಟ ಜಿದ್ದ ಮಾಡಿದ್ದನ್ನ ನಾ ನೋಡಿದ್ದಿಲ್ಲ. ಮಗಳಿಗೆ ಫೋನ್ ಮಾಡಿದೆ. ಆಕೀನೂ, "ಹೌದ ಯವ್ವಾ, ನೀನ ಬಾ" ಅಂದಳು. ಹೋದೆ.

ಮುಧೋಳದಾಗ ನಾ ಅಳಿಯನ ಮನ್ಯಾಗ ಇದ್ದೆ. ಮಗಳ ಕಾಲ ಒತ್ತಿದೆ, ಹೆರಿಗಿ ಮಾಡಿಸಿದೆ, ಮೊಮ್ಮಗನ್ನ ಕಾಲ ಮ್ಯಾಲ ಹಾಕ್ಕೊಂಡು ಎರದೆ. ದಿನಾ ಸಂಜಿಗೆ ಇವರು ಫೋನಿನ್ಯಾಗ ಮುಖಾ ತೋರಸ್ತಿದ್ರು. ಬೆನ್ನ ಹಿಂದ ಕಿಡಕಿ ಇಟ್ಟಕೊಂಡ ಕುಂಡ್ರತಿದ್ರು. ಮುಖ ಕರ್ರಗ, ಬೆಳಕು ಸುತ್ತಲೂ.

"ಈ ಕಡೆ ತಿರಗ್ರಿ, ಕಾಣವಲ್ಲಿರಿ."

"ನೆಟ್‌ವರ್ಕ್ ಸರಿ ಇಲ್ಲ."

"ಉಂಡ್ರಿ?"

"ಉಂಡೆ."

"ಸೊರಗಿದಂಗ ಕಾಣ್ತೀರಲ್ಲ."

"ಬರಿಯೂದು ಮುಗಿಯಾಕ ಬಂದೈತಿ. ನಿದ್ದಿ ಕಡಿಮಿ."

ಬಾಜೂಕ ಕುಂತ ಸಂಧ್ಯಾ ಫೋನ್ ಕಸಗೊಂಡು, "ಅಪ್ಪಾ, ಕೂಸ ನೋಡು" ಅಂತ ಮಾತ ತಿರವತಿದ್ಳು. ಬಾಣಂತಿಗೆ ಅಪ್ಪನ ನೆನಪ ಬರತೈತಿ, ಕಣ್ಣ ತುಂಬಿಕೊಂಡಾಳ ಅಂತ ನಾ ತಿಳಕೊಂಡೆ.

ತೊಟ್ಟಲಕ್ಕ ಹಾಕೂ ದಿನ ಹತ್ರ ಬಂತು. ಕೂಸಿನ ತಲಿಗೆ ಅಂತ ನಾ ಖಣದ ಬಟ್ಟಿಲೆ ಕುಂಚಿಗಿ ಹೊಲದಿದ್ದೆ. ಅದು ಬನಹಟ್ಟ್ಯಾಗ ಟ್ರಂಕಿನ್ಯಾಗ ಉಳದಿತ್ತು. ತರೂಣಂತ ಯಾರಿಗೂ ಹೇಳದ ಮುಂಜಾನೆ ಬಸ್ಸ ಹತ್ತಿದೆ. ಹೇಳಿದ್ರ ಸಂಧ್ಯಾ ಬಿಡತಿರಲಿಲ್ಲ. ಯಾಕ ಬಿಡತಿರಲಿಲ್ಲ ಅಂತ ಆವಾಗ ತಿಳದಿರಲಿಲ್ಲ.

ನಮ್ಮ ಓಣಿಗೆ ಹೊಕ್ಕೆ. ಮಧ್ಯಾಹ್ನ. ಎಡಕ್ಕ ಬಲಕ್ಕ ಎಲ್ಲಾ ಮನ್ಯಾಗ ಮಗ್ಗ ಬಡ್ಯಾಕತ್ತಿದ್ವು. ನಮ್ಮ ಮನಿ ಮುಂದ ಬಂದ್ರ ಸಪ್ಪಳ ಇಲ್ಲ. ನನ್ನ ಕಾಲ ಅಲ್ಲೇ ನಿಂತ್ವು. ನೇಕಾರರ ಮನ್ಯಾಗ ನಡುಮಧ್ಯಾಹ್ನ ಮಗ್ಗ ನಿಲ್ಲೂದು ಎರಡಕ್ಕ. ಕರೆಂಟ ಹೋದ್ರ, ಇಲ್ಲಾ ಹೆಣ ಇದ್ರ.

ದಶರಥ ಕಟ್ಟಿ ಮ್ಯಾಲ ಕುಂತಿದ್ದ. ತಲ್ಯಾಗ ಹತ್ತಿ ಅರಳಿ ಧೂಳ ಇಲ್ಲ. ಅಂದ್ರ ಮುಂಜಾನಿಂದ ಮಗ್ಗ ಮುಟ್ಟಿಲ್ಲ.

"ಯಾರ ಹೋದ್ರೋ?" ಅಂದೆ.

ಎದ್ದ ನಿಂತ. "ಯಾರೂ ಇಲ್ರಿ ವೈನಿ. ನೀವ್ಯಾಕ ಬಂದ್ರಿ ಈಗ?"

"ಮಗ್ಗ ಯಾಕ ನಿಂತಾವು?"

"ಕರೆಂಟ ಹೋಗೇತ್ರಿ."

ಅವನ ಹಿಂದ ಪಡಸಾಲ್ಯಾಗ ಫ್ಯಾನ್ ತಿರಗಾಕತ್ತಿತ್ತು.

"ಆ ಫ್ಯಾನ್ ಯಾರ ಊದಿ ತಿರಗಸಾಕತ್ತಾರ?"

ಅವ ತಲಿ ಕೆಳಗ ಹಾಕಿದ. ನಮ್ಮ ದಶರಥಗ ಸುಳ್ಳ ಹೇಳಾಕ ಬರೂದಿಲ್ಲ. ಅವಗ ಹೇಳಾಕ ಹಚ್ಚಿದವರು ಬ್ಯಾರೆ. ಅಣ್ಣಗ ತಲಿ ಸಿಡಿತೈತಿ, ಬರಿಯೂದ ಆಗವಲ್ತು ಅಂತ ಅವ ಮಗ್ಗ ನಿಲ್ಲಿಸಿದ್ದ. ಅಣ್ಣನ ಮ್ಯಾಲಿನ ಜೀವಕ್ಕ ಮಾಡಿದ್ದ. ನೇಕಾರರ ಮನಿ ಹೆಣ್ಣಮಗಳಿಗೆ ಏನರ ಮುಚ್ಚಬೇಕಂದ್ರ ಮಗ್ಗ ನಿಲ್ಲಿಸಬಾರದು, ಅಷ್ಟ ಅವಗ ಹೊಳಿಲಿಲ್ಲ.

ಒಳಗ ಹೋದೆ. ಇವರು ಟೇಬಲ್ ಮುಂದ ಕುಂತಿದ್ರು. ಅಂಗಿ ಬ್ಯಾರೆಯವರದ ಹಾಕ್ಕೊಂಡಂಗ ಜೋತಾಡತಿತ್ತು. ಕಣ್ಣ ಅರಿಷಿಣ.

"ಬಂದಿ?" ಅಂದ್ರು.

"ಹೇಳ್ರಿ."

ಹೇಳಿದ್ರು. ಹೊಟ್ಟ್ಯಾಗ ಗಡ್ಡಿ ಆಗಿತ್ತು. ಮಿರಜಿನ್ಯಾಗ ತೋರಿಸಿದ್ರು. ಧಾರವಾಡಕ್ಕ ಗೈಡ್ ಹತ್ರ ಹೋಗತೇನಿ ಅಂದ ಹೋಗಿದ್ದು ಮಿರಜಿಗೆ. ಅದು ನಾ ಮುಧೋಳಕ್ಕ ಹೋಗೂಕಿಂತ ಮೊದಲಿನ ಮಾತು. ಆಪರೇಷನ್ ಮಾಡೂ ಹಂಗಿಲ್ಲ, ಔಷಧದಿಂದ ನಾಕ ದಿನ ಮುಂದ ಹೋದೀತು, ಆದ್ರ ಹಾಸಗಿ ಹಿಡಿಸತೈತಿ ಅಂದಿದ್ರಂತ ಡಾಕ್ಟರು. ಇವರು ಔಷಧ ಬ್ಯಾಡ ಅಂದ ಬಂದು ಬರ್ಯಾಕ ಕುಂತಿದ್ರು.

"ಯಾರ್ಯಾರಿಗೆ ಗೊತ್ತು?"

"ದಶರಥಗ."

"ಮತ್ತ?"

"ಸಂಧ್ಯಾಗ."

ಹೊಟ್ಟೀಲೆ ಇದ್ದ ಮಗಳಿಗೆ ಹೇಳ್ಯಾರ. ನನಗ ಹೇಳಿಲ್ಲ. ಅದನ್ನ ನುಂಗೂ ತಾಕತ್ತ ಆಕಿಗೆ ಐತಿ, ನನಗ ಇಲ್ಲ ಅಂತ ಲೆಕ್ಕಾ ಹಾಕ್ಯಾರ. ನಾ ನೆಲದ ಮ್ಯಾಲ ಕುಂತೆ.

"ನಾ ನಿನಗ ಒಂದೂ ಸುಳ್ಳ ಹೇಳಿಲ್ಲ ನೋಡು" ಅಂದ್ರು. "ಉಂಡ್ರಿ ಅಂದಿ, ಉಂಡೆ ಅಂದೆ. ಉಂಡಿದ್ದೆ. ನೋವ ಐತೇನು ಅಂತ ನೀ ಕೇಳಲಿಲ್ಲ."

"ಧಾರವಾಡ ಅಂದ ಮಿರಜಿಗೆ ಹೋದವರು ಯಾರು? ಕಿಡಕಿ ಬೆನ್ನಿಗಿ ಇಟ್ಟ ಕುಂತವರು ಯಾರು?"

ಮೆಲ್ಲಕ ಅಂದ್ರು, "ನಿನಗ ಗೊತ್ತಾಗಿದ್ರ ದಿನಾ ನಿನ್ನ ಮುಖದಾಗ ನನ್ನ ಸಾವು ನೋಡಬೇಕಿತ್ತು. ಬರಿಯೂದು ಆಗತಿರಲಿಲ್ಲ. ಎರಡೂ ಕೂಡೂದಿಲ್ಲ ಶ್ರೀದೇವಿ."

"ಅದು ಬೆಳಕಿನ ಕಣದ್ದು" ಅಂದೆ. "ಅದಕ್ಕ ಎರಡೂ ಹೇಳಾಕ ಬರೂದಿಲ್ಲ. ನಿಮಗ ಬಾಯಿ ಐತಿ."

ಕುಂಚಿಗಿ ದಶರಥನ ಕೈಯಾಗ ಕೊಟ್ಟ ಕಳಸಿದೆ. ತೊಟ್ಟಲಕ್ಕ ನಾ ಹೋಗಲಿಲ್ಲ. ಮೊಮ್ಮಗನ ಹೆಸರ ಇಡೂ ದಿನ ಅಜ್ಜಿ ಬರಲಿಲ್ಲ ಅಂತ ಬೀಗರು ಮಾತಾಡಿದ್ರಂತ. ಮಾತಾಡ್ಲಿ.

ನಾ ದಶರಥಗ, "ಮಗ್ಗ ಹಚ್ಚು" ಅಂದೆ. ಇವರೂ, "ಹಚ್ಚಲಿ ಬಿಡು, ಸಪ್ಪಳ ಇಲ್ಲದ ನನಗೂ ಬ್ಯಾಸರ ಆಗೇತಿ" ಅಂದ್ರು. ಮಗ್ಗ ಬಡದ್ವು. ಉಳದ ಹಾಳಿ ಬರದ್ರು. ಕೈ ಸೋತ್ರ ಅವರು ಹೇಳೂದು, ಚಿದಾನಂದ ಸರ್ ಬಂದು ಕಂಪ್ಯೂಟರಿನ್ಯಾಗ ಹೊಡಿಯೂದು. ನಾ ಗಂಜಿ ಮಾಡಿ ಕೊಡತಿದ್ದೆ, ಬೆನ್ನಿಗಿ ತಲಿದಿಂಬ ಇಡತಿದ್ದೆ. ಅಳೂದು ಬಂದ್ರ ಹಿತ್ತಲಕ್ಕ ಹೋಗತಿದ್ದೆ. ಅವರ ಬರವಣಿಗಿಗೆ ನನ್ನ ಅಳು ಅಡ್ಡ ಬರಲಿಲ್ಲ. ನೋಡಿದ್ರು ಅವರೂ. ಆಗಂಗಿಲ್ಲ ಅಂದದ್ದು ಆಗಾಕತ್ತಿತ್ತು, ಅದೂ ಸಪ್ಪಳದಾಗ.

ಬರದದ್ದು ಮುಗದು ಯುನಿವರ್ಸಿಟಿಗೆ ಹೋತು. ಆಮ್ಯಾಲ ಹಾಸಗಿ ಹಿಡದ್ರು. ಒಂದಿನ ಮಧ್ಯಾಹ್ನ ಬಿಸಿನೀರಾಗ ಅವರ ಕಾಲ ತೊಳ್ಯಾಕತ್ತಿದ್ದೆ. ಪಾದ ಬಾತಿದ್ವು.

"ಸಿಟ್ಟ ಹೋಗಿಲ್ಲೇನು?" ಅಂದ್ರು.

"ಇಲ್ಲ."

"ಏನರ ಕೇಳೂದಿದ್ರ ಕೇಳು."

ನನ್ನ ಹತ್ರ ಎರಡ ಪ್ರಶ್ನೆ ಇದ್ವು. ನನ್ನನ್ನ ಯಾಕ ನಂಬಲಿಲ್ಲ ಅನ್ನೂದ ಒಂದು. ನಿಮಗ ಹೆದರಿಕಿ ಆಗೇತೇನು ಅನ್ನೂದ ಇನ್ನೊಂದು. ಮೊದಲನೇದ ಕೇಳಿದ್ರ ಇವರು ಸಮಜಾಯಿಸಿ ಹೇಳಾಕ ಸುರು ಮಾಡ್ತಾರ. ತನ್ನ ಕಡೆ ವಾದಾ ಮಾಡೂ ಮನುಷ್ಯ ಹೆದರಿಕಿ ತೋರಸೂದಿಲ್ಲ. ಎರಡನೇದ ಕೇಳಿದ್ರ ಅಳತಾರ, ಅತ್ತವರ ಜೋಡಿ ನಾ ಜಗಳಾ ಮಾಡಾಕ ಆಗೂದಿಲ್ಲ. ಇವರ ಶಾಸ್ತ್ರದ ಪ್ರಕಾರ ಒಂದ ಆರಿಸಿಕೋಬೇಕಿತ್ತು. ನಾ ಆರಿಸಿಕೊಳ್ಳಲಿಲ್ಲ. ಎರಡೂ ಒಮ್ಮೆಲೆ ಕೇಳಿದೆ.

"ಹೆದರಿಕಿ ಐತಿ" ಅಂದ್ರು. "ಮಿರಜಿನಿಂದ ಬರೂ ಮುಂದ ಬಸ್ಸಿನ್ಯಾಗ ಸೀಟ ಗಟ್ಟಿ ಹಿಡಕೊಂಡ ಬಂದೆ. ನಿನಗ ಯಾಕ ಹೇಳಲಿಲ್ಲ ಅಂದ್ರ, ನೀ ಬರಿಯೂದ ಬಿಡ್ರಿ, ದವಾಖಾನಿಗೆ ನಡೀರಿ ಅಂತಿದ್ದಿ. ನಾ ನಿನ್ನ ಮಾತ ಮೀರತಿರಲಿಲ್ಲ. ಪಿಎಚ್‌ಡಿ ಪುಸ್ತಕ ಅರ್ಧಕ್ಕ ಉಳಿತಿತ್ತು. ನನಗ ಅದು ಮುಗಿಬೇಕಿತ್ತು. ನಿನ್ನಕಿಂತ ನನಗ ಅದು ಮುಗಿಬೇಕಿತ್ತು."

ಎರಡಕ್ಕೂ ಸ್ವಚ್ಛ ಉತ್ತರ. ಮಬ್ಬಿಲ್ಲ. ಒಂದರಿಂದ ಇನ್ನೊಂದು ಕೆಡಲಿಲ್ಲ.

ನಾ ಅವರ ಪಾದ ಒರಸಿದೆ. ನನ್ನ ಒಳಗಿನ ಸಿಟ್ಟ ಅವತ್ತ ಕಡಿಮಿ ಆಗೂದಿತ್ತು, ಹೆಚ್ಚಾತು. ಎರಡೂ ಹೇಳಾಕ ಬರತಿತ್ತಲ್ಲ. ಮೊದಲಿನ ದಿನಾನೂ ಬರತಿತ್ತು. ಬಸ್ಸ ಇಳದು ಮನಿಗೆ ಬಂದು, ಕೈಕಾಲ ಮಾರಿ ತೊಳಕೊಂಡು, ಇದ ಮಾತನ್ನ ನನ್ನ ಮುಂದ ಹೇಳಬಹುದಿತ್ತು. ನಾ ಒಂದ ವಾರ ಅತ್ತಿರತಿದ್ದೆ. ದವಾಖಾನಿಗೆ ಎಳಕೊಂಡ ಹೋಗತಿದ್ದೆ, ಅದೂ ಖರೆ. ಆಮ್ಯಾಲ ಟೇಬಲ್ ಒರಸಿ ಕೊಡತಿದ್ದೆ. ನಾ ಹಂಗ ಮಾಡತಿದ್ದೆ ಅಂತ ಅವರಿಗೆ ತಿಳಿಯಾಕ ಒಂದ ದಾರಿ ಇತ್ತು, ನನ್ನ ಕೇಳೂದು. ಕೇಳಲಿಲ್ಲ. ಒಂದ ಎಳಿ ನೂಲನ್ನೂ ಜಗ್ಗಿ ನೋಡದ ಒಗಿಯೂ ಮಂದಿ ಅಲ್ಲ ಇವರು. ನನ್ನ ಮಾತ್ರ ಜಗ್ಗಿ ನೋಡಲಿಲ್ಲ, ಹರಿತಾಳ ಅಂದಬಿಟ್ರು.

ಕಾರಹುಣ್ಣಿವಿ ಮುಗದ ಮ್ಯಾಲ ಹೋದ್ರು. ನಾ ಬಾಜೂಕ ಇದ್ದೆ.

ಅವರ ದಿನಕಾರ್ಯ ಮುಗದ ಮ್ಯಾಲ ಸಂಧ್ಯಾ ಕೂಸ ಎತ್ತಿಕೊಂಡು ನನ್ನ ಹತ್ರ ಕುಂತಳು. "ಯವ್ವಾ, ಅಪ್ಪಾ ನಿನ್ನ ಸಲುವಾಗಿ ಮುಚ್ಚಿದಾ. ನಿನಗ ಸಂಕಟ ಆಗಬಾರದಂತ."

"ನನ್ನ ಸಲುವಾಗಿ ಅಲ್ಲ. ಅವರ ಬಾಯಿಲೆ ಹೇಳ್ಯಾರ. ಪುಸ್ತಕದ ಸಲುವಾಗಿ."

"ನನ್ನ ಕಡೆ ಆಣಿ ಹಾಕಿಸಿಕೊಂಡಿದ್ದ. ನಾ ಏನ ಮಾಡ್ಲಿ?"

"ನೀ ದಿನಾ ನನ್ನ ಕಡೆ ಎಣ್ಣಿ ಹಚ್ಚಿಸಿಕೊಂಡಿ. ನಾ ನಿನ್ನ ತಲಿ ತಿಕ್ಕೂ ಮುಂದ ನಿಮ್ಮಪ್ಪ ಇಲ್ಲಿ ಒಬ್ಬರ ವಾಂತಿ ಮಾಡಿಕೊಳ್ಳತಿದ್ರು. ಅದು ನಿನಗ ಗೊತ್ತಿತ್ತು."

ಆಕಿ ಅತ್ತಳು. ಕೂಸೂ ಅತ್ತಿತು. ಕೂಸನ್ನ ನಾ ತಗೊಂಡೆ.

ಇವರ ಪುಸ್ತಕಕ್ಕ ಯುನಿವರ್ಸಿಟಿಯವರು ಏನ ಮಾಡ್ತಾರೋ ನನಗ ಗೊತ್ತಿಲ್ಲ. ಛಲೋ ಕೆಲಸ ಐತಿ ಅಂತ ಚಿದಾನಂದ ಸರ್ ಹೇಳತಾರ. ಇರಬೇಕು. ಅವರು ಹೊಲಸ ಕೆಲಸ ಮಾಡಿದವರಲ್ಲ. ಹುಡುಗರಿಗೆ ಮನಿಮಟ ಕರದ ಹೇಳಿಕೊಟ್ಟವರು. ನನಗೂ ಹೇಳಿಕೊಟ್ರು. ಎರಡೂ ಕೂಡೂದಿಲ್ಲ ಅನ್ನೂದು ಕಳ್ಳನ್ನ ಹಿಡಿಯಾಕ ಬಂಡವಾಳ ಅಂತ ಹೇಳಿದವರು, ಅದನ್ನ ಹೆಂಡತಿ ಮ್ಯಾಲ ಹಚ್ಚಿದ್ರು. ಮನ್ಯಾಗ ಕಳ್ಳ ಯಾರೂ ಇರಲಿಲ್ಲ.

ಹೋದ ತಿಂಗಳ ಸಂಧ್ಯಾ ಫೋನ್ ಮಾಡಿದ್ಳು. ಕೂಸಿಗೆ ಒಂಚೂರ ನೆಗಡಿ ಆಗಿತ್ತು, ಈಗ ಆರಾಮ ಐತಿ, ಚಿಂತಿ ಮಾಡಬ್ಯಾಡ ಅಂದಳು. ನಾ ಫೋನ್ ಇಟ್ಟು ಸೀರಿ ಬದಲಿಸಿ ಮುಧೋಳದ ಬಸ್ಸ ಹತ್ತಿದೆ. ಬಾಗಲಾ ತಗದಾಕಿ ಹಂಗ ನಿಂತಳು. ಕೂಸು ಪಡಸಾಲ್ಯಾಗ ಡಬ್ಬಿ ಬಡಕೋತ ಕುಂತಿತ್ತು.

"ಆರಾಮ ಅದಾನಂತ ಹೇಳಿದ್ನಲ್ಲ ಯವ್ವಾ. ನನ್ನ ಮ್ಯಾಲ ನಂಬಿಕಿ ಇಲ್ಲೇನು?"

"ಇಲ್ಲ" ಅಂದೆ.

ಕೂಸಿನ ಹಣಿ ಮುಟ್ಟಿ ನೋಡಿದೆ. ತಣ್ಣಗಿತ್ತು. ಆಕಿ ಮಾಡಿದ ಚಾ ಕುಡದು ಸಂಜಿ ಬಸ್ಸಿಗೆ ತಿರಗಿ ಬಂದೆ.